ಕ್ಲೌಸ್ ಶುಲ್ತ್ಸೆಯ ಆಲ್ಬಂ, ಬಾಕ್ಸ್ ಸೆಟ್‌ಗಳನ್ನು ಒಂದು ಸಾಲಿಗೆ ತಂದ ಕೆಲಸ: ಹಂತ ಹಂತದ ಟಿಪ್ಪಣಿ

ಬರ್ಲಿನ್‌ನ ಎಲೆಕ್ಟ್ರಾನಿಕ್ ಸಂಗೀತಗಾರ ಕ್ಲೌಸ್ ಶುಲ್ತ್ಸೆಯ (1947–2022) ಸಂಗೀತವನ್ನು ಸಂಗ್ರಹಿಸಹೊರಟರೆ ಮೊದಲ ತೊಡಕು ಒಂದೇ. ಒಂದೇ ರೆಕಾರ್ಡಿಂಗ್ ಬೇರೆ ಬೇರೆ ಬಾಕ್ಸ್‌ಗಳಲ್ಲಿ ಮತ್ತೆ ಮತ್ತೆ ಬಂದಿದೆ. 1993ರಲ್ಲಿ ಹತ್ತು ಸಿಡಿಯ ‘ಸಿಲ್ವರ್ ಎಡಿಷನ್’ ಬಂತು. 1995ರಲ್ಲಿ ಮತ್ತೆ ಹತ್ತು ಸಿಡಿಯ ‘ಹಿಸ್ಟಾರಿಕ್ ಎಡಿಷನ್’, 1997ರಲ್ಲಿ 25 ಸಿಡಿಯ ‘ಜುಬಿಲಿ ಎಡಿಷನ್’. 2000ದಲ್ಲಿ ಈ 45ಕ್ಕೂ ಐದು ಹೊಸ ಸಿಡಿ ಸೇರಿಸಿ ‘ಅಲ್ಟಿಮೇಟ್ ಎಡಿಷನ್’ ಹೊರಬಂತು. 2009ರಿಂದ 2015ರವರೆಗೆ ಅದರ ಬಹುಪಾಲು ಸಾಮಗ್ರಿಯನ್ನು ಕಾಲಾನುಕ್ರಮದಲ್ಲಿ ಮರುಜೋಡಿಸಿ ‘ಲಾ ವಿ ಎಲೆಕ್ಟ್ರೊನಿಕ್’ ಎಂಬ ಹದಿನಾರು ಸಂಪುಟಗಳಾಗಿ ಕೊಟ್ಟರು. ಮೊದಲ ಹದಿನೈದು ಸಂಪುಟಕ್ಕೆ ಮೂರು ಮೂರು ಸಿಡಿ, ಕೊನೆಯದಕ್ಕೆ ಐದು. ಇದಲ್ಲದೆ 2005ರಿಂದೀಚೆ ಹಳೆಯ ಆಲ್ಬಂಗಳು ಮರುಮುದ್ರಣವಾದಾಗ ಒಂದೊಂದರ ಬಾಲಕ್ಕೂ ಬೋನಸ್ ಟ್ರ್ಯಾಕ್ ಅಂಟಿಕೊಂಡಿತು.

ಕೈಯಲ್ಲಿದ್ದ ಸಾಮಾನು: 70ರ ದಶಕದ ಆಲ್ಬಂಗಳ ಮತ್ತು 1980ರ ‘ಡಿಗ್ ಇಟ್’ನ ಮರುಮುದ್ರಿತ ಸಿಡಿಗಳು, ‘ಲಾ ವಿ ಎಲೆಕ್ಟ್ರೊನಿಕ್’ ಪೂರ್ತಿ, 80ರ ದಶಕದ ಕೆಲವು ಹಳೆಯ ಸಿಡಿ, ‘ಟೈಮ್‌ವಿಂಡ್’ ಎಲ್‌ಪಿ ಒಂದು. ಹೋಲಿಸಿ ನೋಡುವುದಕ್ಕೆ ಎರವಲು ತಂದ ‘ಅಲ್ಟಿಮೇಟ್’ ಬಾಕ್ಸ್. ಕೆಲಸ ಇಷ್ಟು: ಎಲ್ಲವನ್ನೂ ಗುಣಮಟ್ಟ ಕಳೆಯದಂತೆ ಫ್ಲ್ಯಾಕ್ ಫೈಲ್‌ಗಳಾಗಿ ಇಳಿಸಿ, ರೆಕಾರ್ಡ್ ಆದ ವರ್ಷದ ಸಾಲಿನಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ಕೇಳಿದ ಟಿಪ್ಪಣಿ ಬರೆಯುವುದು.

ಹಂತ 1: ಪಟ್ಟಿ. ಕೊಳ್ಳುವುದಕ್ಕೂ ಮೊದಲು

ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸಿಡಿಗೆ ಒಂದು ಸಾಲು ಎಂದು ಬರೆದರೆ ಈ ಕೆಲಸ ಅರ್ಧದಲ್ಲೇ ಕೆಡುತ್ತದೆ. ಒಂದು ರೆಕಾರ್ಡಿಂಗ್‌ಗೆ ಒಂದು ಸಾಲು ಇರಬೇಕು. ಕಾಲಂಗಳು ಏಳು ಸಾಕು: ಹೆಸರು, ರೆಕಾರ್ಡ್ ಆದ ವರ್ಷ, ಜಾಗ (ಸಂಗೀತ ಕಛೇರಿಯಾದರೆ), ಅವಧಿ ನಿಮಿಷ-ಸೆಕೆಂಡಿನಲ್ಲಿ, ಯಾವ ಎಡಿಷನ್, ಡಿಸ್ಕ್ ಸಂಖ್ಯೆ, ಟ್ರ್ಯಾಕ್ ಸಂಖ್ಯೆ. ಒಂದೇ ರೆಕಾರ್ಡಿಂಗ್ ಎರಡು ಎಡಿಷನ್‌ನಲ್ಲಿದ್ದರೆ ಅದೇ ಸಾಲಿನಲ್ಲಿ ಮುಂದಕ್ಕೆ ಬರೆಯಬೇಕು, ಹೊಸ ಸಾಲು ತೆರೆಯಬಾರದು.

ನಂಬಬೇಕಾದ ಗುರುತು ಹೆಸರಲ್ಲ, ಅವಧಿ. 1978ರ ‘ಎಕ್ಸ್’ ಆಲ್ಬಂ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿನ ‘ಗೇಯೋರ್ಗ್ ಟ್ರಾಕ್ಲ್’ ಎಲ್‌ಪಿಯಲ್ಲಿ 5 ನಿಮಿಷ 25 ಸೆಕೆಂಡು ಮಾತ್ರ, ಯಾಕೆಂದರೆ ಆ ಬದಿಯಲ್ಲಿ ಉಳಿದಿದ್ದ ಜಾಗ ಅಷ್ಟೇ. ಮರುಮುದ್ರಿತ ಸಿಡಿಯಲ್ಲಿ ಅದೇ ಹೆಸರಿನಡಿ 26 ನಿಮಿಷದ ಪೂರ್ಣ ರೂಪ ಇದೆ. ಹೆಸರು ನೋಡಿ ನಕಲು ಅಳಿಸುವ ಸಾಫ್ಟ್‌ವೇರ್‌ಗೆ ಇವೆರಡೂ ಒಂದೇ. ಎರಡರಲ್ಲಿ ಒಂದನ್ನು ಅದು ಅಳಿಸುತ್ತದೆ, ಯಾವುದನ್ನು ಅಂತ ಹೇಳಲಾಗದು. ತಿರುಗಾಮುರುಗಾ ಆಗುವುದೂ ಉಂಟು, ಒಂದೇ ಕಛೇರಿಯ ತುಣುಕು ಬೇರೆ ಬೇರೆ ಹೆಸರಿನಲ್ಲಿ ಕುಳಿತಿರುತ್ತದೆ. ಅವಧಿಯ ಕಾಲಂ ಮೇಲೆ ಸಾರ್ಟ್ ಮಾಡಿ, ಮೂರು ಸೆಕೆಂಡಿನೊಳಗೆ ಹೊಂದುವ ಜೋಡಿಗಳಿಗೆಲ್ಲ ಹಳದಿ ಬಣ್ಣ ಹಚ್ಚಿದರೆ ಅನುಮಾನದ ಪಟ್ಟಿ ಸಿಗುತ್ತದೆ. ತೀರ್ಮಾನ ಹಂತ 5ರಲ್ಲಿ.

ಹಂತ 2: ಕೊಳ್ಳುವ ಕ್ರಮ

ಮೊದಲು ಬೋನಸ್ ಸಮೇತದ ಆಲ್ಬಂ ಮರುಮುದ್ರಣಗಳು, ಆಮೇಲೆ ‘ಲಾ ವಿ ಎಲೆಕ್ಟ್ರೊನಿಕ್’, ‘ಅಲ್ಟಿಮೇಟ್’ ಕೊನೆಗೆ ಅಥವಾ ಕೊಳ್ಳುವುದೇ ಬೇಡ. ಕಾರಣ: ‘ಅಲ್ಟಿಮೇಟ್’ನ ಕೆಲವು ತುಣುಕು ಆಲ್ಬಂಗಳ ಬೋನಸ್ ಆಗಿ ಹೋದವು. ಹಾಗಾಗಿ ಹದಿನಾರು ಸಂಪುಟ ಮಾತ್ರ ಕೊಂಡವರಿಗೆ ಅಲ್ಲಲ್ಲಿ ತೂತು ಉಳಿಯುತ್ತದೆ, ಮರುಮುದ್ರಣಗಳೂ ಇದ್ದರೆ ಬಹುಪಾಲು ಮುಚ್ಚುತ್ತದೆ. ‘ಅಲ್ಟಿಮೇಟ್’ ಈಗ ಸೆಕೆಂಡ್‌ಹ್ಯಾಂಡ್‌ನಲ್ಲಿ ಮಾತ್ರ ಸಿಗುವುದು. ಆ ಬಾಕ್ಸ್‌ಗೆ ಕೊಡುವ ದುಡ್ಡಲ್ಲಿ ಹೆಚ್ಚಿನ ಪಾಲು ಅಪರೂಪಕ್ಕೆ ಹೋಗುತ್ತದೆ, ಸಂಗೀತಕ್ಕಲ್ಲ.

ಇನ್ನೊಂದು ಬಲೆ ‘ಕಂಟೆಂಪರರಿ ವರ್ಕ್ಸ್’ ಮೊದಲ ಬಾಕ್ಸ್, 2000ದ ಹತ್ತು ಸಿಡಿ. ‘ವ್ಯಾನಿಟಿ ಆಫ್ ಸೌಂಡ್ಸ್’, ‘ದ ಕ್ರೈಮ್ ಆಫ್ ಸಸ್ಪೆನ್ಸ್’, ‘ಬ್ಯಾಲೆಟ್’ ಸರಣಿ ಇವೆಲ್ಲ ಅದರೊಳಗಿನವೇ, ಆಮೇಲೆ ಬಿಡಿಬಿಡಿಯಾಗಿ ಬಂದವು. ಬಿಡಿ ಸಿಡಿ ಹೊಸ ಆಲ್ಬಂನಂತೆ ಕಾಣುತ್ತದೆ, ಹಾಗಲ್ಲ.

ವಿದೇಶದಿಂದ ತರಿಸುವಾಗ ಒಂದೊಂದೇ ಸಂಪುಟ ತರಿಸಿದರೆ ಅಂಚೆ ಖರ್ಚು, ಸುಂಕ ಸೇರಿ ಸಿಡಿಯ ಬೆಲೆಯನ್ನೇ ಮೀರಬಹುದು. ನಾಲ್ಕು ಸಂಪುಟ ಒಟ್ಟಿಗೆ ತರಿಸುವುದು ಲಾಭ. ಅದಕ್ಕಿಂತ ದೊಡ್ಡ ಪಾರ್ಸೆಲ್ ಆದರೆ ಕಾರ್ಡ್‌ಬೋರ್ಡ್ ಹೊದಿಕೆಗಳ ಮೂಲೆ ಜಜ್ಜಿ ಬರುತ್ತದೆ.

ಹಂತ 3: ತಪಾಸಣೆ, ಶುಚಿ

ಪ್ರತಿ ಡಿಸ್ಕನ್ನೂ ಬೆಳಕಿಗೆ ಎದುರಾಗಿ ಹಿಡಿದು, ಮೊದಲು ಲೇಬಲ್ ಇರುವ ಬದಿ ನೋಡಬೇಕು. ಎಲ್ಲರೂ ಹೊಳೆಯುವ ಬದಿಯನ್ನು ಕಾಪಾಡುತ್ತಾರೆ. ಆದರೆ ಆ ಕಡೆ 1.2 ಮಿ.ಮೀ. ಪ್ಲಾಸ್ಟಿಕ್ ಕಾವಲಿದೆ, ಅಲ್ಲಿನ ಗೀರನ್ನು ಪಾಲಿಷ್ ಮಾಡಬಹುದು. ಲೇಬಲ್ ಬದಿಯಲ್ಲಿ ಪ್ರತಿಫಲಿಸುವ ಪದರದ ಮೇಲೆ ಇರುವುದು ತೆಳ್ಳಗಿನ ವಾರ್ನಿಷ್ ಮಾತ್ರ. ಅಲ್ಲಿ ಪದರ ಕಿತ್ತರೆ ಮಾಹಿತಿಯೇ ಹೋಯಿತು.

80ರ ದಶಕದ ಕೊನೆ, 90ರ ಆರಂಭದ ಸಿಡಿಗಳಲ್ಲಿ ನಡುವಿನ ಉಂಗುರ ಓದಿ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಪಿಡಿಒ ಕಾರ್ಖಾನೆಯ ಗುರುತಿದ್ದರೆ ಅಂಚನ್ನು ಗಮನಿಸಬೇಕು. 1988ರಿಂದ 1993ರವರೆಗೆ ಅಲ್ಲಿ ತಯಾರಾದ ಅನೇಕ ಡಿಸ್ಕ್‌ಗಳ ವಾರ್ನಿಷ್ ಗಂಧಕವನ್ನು ತಡೆಯಲಿಲ್ಲ. ಒಳಗಿನ ಕಾಗದದಲ್ಲಿದ್ದ ಗಂಧಕ ಪದರವನ್ನು ತಿಂದು, ಅಂಚಿನಿಂದ ಒಳಗೆ ಕಂಚಿನ ಬಣ್ಣ ಹರಡುತ್ತದೆ. ಇದಕ್ಕೆ ಮದ್ದಿಲ್ಲ. ಇಂಥ ಡಿಸ್ಕ್ ಸಿಕ್ಕಿದರೆ ಎಲ್ಲಕ್ಕಿಂತ ಮೊದಲು ಅದನ್ನೇ ಇಳಿಸಬೇಕು.

ದಪ್ಪನೆಯ ಹಳೆಯ ಎರಡು-ಸಿಡಿ ಪೆಟ್ಟಿಗೆಗಳಲ್ಲಿ ಸ್ಪಂಜಿನ ಹಾಳೆ ಇರುತ್ತದೆ. ವರ್ಷ ಕಳೆದಂತೆ ಅದು ಪುಡಿಯಾಗಿ ಲೇಬಲ್‌ಗೆ ಅಂಟುತ್ತದೆ. ಉಗುರಿನಿಂದ ಕೆರೆಯಬಾರದು. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ತಾನಾಗಿ ಬಿಡುವಷ್ಟನ್ನು ಮಾತ್ರ ತೆಗೆಯಬೇಕು. ಹಾಳೆಯನ್ನು ಎಸೆದುಬಿಡುವುದೇ ಸರಿ.

ಶುಚಿಗೆ ಡಿಸ್ಟಿಲ್ಡ್ ನೀರು, ಒಂದು ಹನಿ ಪಾತ್ರೆ ಸೋಪು, ಮೈಕ್ರೋಫೈಬರ್ ಬಟ್ಟೆ, ಒಟ್ಟು ಸುಮಾರು 300 ರೂ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ವೃತ್ತಾಕಾರವಾಗಿ ಅಲ್ಲ. ಈ ಸಂಗ್ರಹದಲ್ಲಿ ಅಂಚಿನ ಶುಚಿ ವಿಶೇಷವಾಗಿ ಮುಖ್ಯ. ಸಿಡಿ ಒಳಗಿನಿಂದ ಹೊರಕ್ಕೆ ಓದಿಸಿಕೊಳ್ಳುತ್ತದೆ, ಬಾಕ್ಸ್‌ಗಳ ಹೆಚ್ಚಿನ ಡಿಸ್ಕ್‌ಗಳು 75 ನಿಮಿಷ ಮೀರುತ್ತವೆ. ಅಂದರೆ ಕೊನೆಯ ಕೆಲವು ನಿಮಿಷ ಇರುವುದು ಬೆರಳು ತಾಗುವ ಜಾಗದಲ್ಲೇ. 45 ನಿಮಿಷದ ಆಲ್ಬಂಗೆ ಈ ತೊಂದರೆ ಇಲ್ಲ.

ಹಂತ 4: ಇಳಿಸುವುದು

ಬಳಸಿದ್ದು ಸಿಡಿಯನ್ನು ಕಂಪ್ಯೂಟರ್‌ಗೆ ಇಳಿಸುವ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಸಾಫ್ಟ್‌ವೇರ್, ಯುಎಸ್‌ಬಿ ಡಿವಿಡಿ ಡ್ರೈವ್ (ಸುಮಾರು 2,500 ರೂ.), ಜೊತೆಗೆ ಹಳೆಯ ಡೆಸ್ಕ್‌ಟಾಪ್‌ನೊಳಗಿನ ಇನ್ನೊಂದು ಡ್ರೈವ್. ಎರಡು ಡ್ರೈವ್ ಯಾಕೆ ಎಂಬುದು ಮುಂದೆ ಬರುತ್ತದೆ. ಮ್ಯಾಕ್‌ನಲ್ಲಾದರೆ ಎಕ್ಸ್‌ಎಲ್‌ಡಿ, ಲಿನಕ್ಸ್‌ನಲ್ಲಾದರೆ ವಿಪ್ಪರ್ ಇದೇ ಕೆಲಸ ಮಾಡುತ್ತವೆ.

ಸೆಟ್ಟಿಂಗ್: ಸೆಕ್ಯೂರ್ ಮೋಡ್ (ಅನುಮಾನ ಬಂದ ಕಡೆ ಮತ್ತೆ ಮತ್ತೆ ಓದುವ ವಿಧಾನ). ಡ್ರೈವ್‌ನ ರೀಡ್ ಆಫ್‌ಸೆಟ್ (ಅದು ಎಷ್ಟು ಆಚೀಚೆಯಿಂದ ಓದುತ್ತದೆ ಎಂಬ ಅಂಕಿ) ಆಕ್ಯುರೇಟ್‌ರಿಪ್ ಪಟ್ಟಿಯಿಂದ, ಅಂದರೆ ಬೇರೆಯವರು ಸಿಡಿ ಇಳಿಸಿದ ಫಲಿತಾಂಶಗಳ ಆನ್‌ಲೈನ್ ಸಂಗ್ರಹದಿಂದ. ಸಾಮಾನ್ಯವಾಗಿ +6, +102, +667ರಂಥ ಅಂಕಿ ಇರುತ್ತದೆ, ಊಹಿಸಿ ಹಾಕಬಾರದು. ಗ್ಯಾಪ್‌ಗಳನ್ನು ಹಿಂದಿನ ಟ್ರ್ಯಾಕ್‌ಗೆ ಸೇರಿಸುವ ಆಯ್ಕೆ. ನಾರ್ಮಲೈಸ್ (ಶಬ್ದದ ಮಟ್ಟವನ್ನು ಸಾಫ್ಟ್‌ವೇರ್ ತಾನೇ ಬದಲಿಸುವುದು) ಬಂದ್. ಪ್ರತಿ ಡಿಸ್ಕ್‌ಗೂ ಲಾಗ್ (ಓದಿದ ವರದಿ), ಕ್ಯೂ ಫೈಲ್ (ಟ್ರ್ಯಾಕ್‌ಗಳ ಜಾಗದ ಪಟ್ಟಿ) ಉಳಿಸಬೇಕು.

ಕೈಕೊಟ್ಟ ವಿಧಾನಗಳು ಇವು.

ನೇರ ಎಂಪಿ3 ಮಾಡಿದರೆ ಟ್ರ್ಯಾಕ್‌ಗಳ ನಡುವೆ ಸಣ್ಣ ಮೌನ ನುಗ್ಗುತ್ತದೆ. ಒಂದು ಗಂಟೆಯ ಕಛೇರಿಯನ್ನು ಆರೇಳು ಟ್ರ್ಯಾಕ್ ಮಾಡಿ ಕತ್ತರಿಸಿರುವ ಡಿಸ್ಕ್‌ಗಳಲ್ಲಿ ಸೀಕ್ವೆನ್ಸರ್ (ಸ್ವರಗಳ ಸಾಲನ್ನು ತಾನೇ ಮತ್ತೆ ಮತ್ತೆ ನುಡಿಸುವ ಸಾಧನ) ಓಡುತ್ತಿರುವ ನಡುವೆಯೇ ಆ ತುಂಡು ಬೀಳುತ್ತದೆ. ಶುಲ್ತ್ಸೆಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ.

ಆಕ್ಯುರೇಟ್‌ರಿಪ್ ಒಂದನ್ನೇ ನಂಬುವುದೂ ಸಾಲದು. ಜನಪ್ರಿಯ ಆಲ್ಬಂಗಳಿಗೆ ಬೇರೆಯವರ ನೂರಾರು ಫಲಿತಾಂಶ ಅಲ್ಲಿ ಸಿಗುತ್ತದೆ, ಸೀಮಿತ ಪ್ರತಿಯ ಬಾಕ್ಸ್ ಡಿಸ್ಕ್‌ಗಳಿಗೆ ಒಮ್ಮೊಮ್ಮೆ ಏನೂ ಸಿಗದು. ಆಗ ಟೆಸ್ಟ್ ಅಂಡ್ ಕಾಪಿ (ಎರಡು ಸಲ ಓದಿ ಹೋಲಿಸುವುದು) ಮಾಡಿ, ಅದೇ ಡಿಸ್ಕನ್ನು ಇನ್ನೊಂದು ಡ್ರೈವ್‌ನಲ್ಲೂ ಓದಿಸಿ, ಎರಡರ ಸಿಆರ್‌ಸಿ (ಫೈಲ್‌ನ ತಾಳೆ ನೋಡುವ ಅಂಕಿ) ಹೊಂದಿದರೆ ಮಾತ್ರ ಸೈ ಎನ್ನಬೇಕು. ಒಂದೇ ಡ್ರೈವ್‌ನಲ್ಲಿ ಎರಡು ಸಲ ಓದಿಸಿದರೆ ಅದು ಒಂದೇ ತಪ್ಪನ್ನು ಎರಡು ಸಲ ಮಾಡಬಹುದು. ಅದಕ್ಕೇ ಎರಡು ಡ್ರೈವ್.

ಹಳೆಯ ಸಿಡಿಗಳಲ್ಲಿ ಪ್ರಿ-ಎಂಫಸಿಸ್ ಇದೆಯೇ ನೋಡಬೇಕು. ಇದ್ದರೆ ಮೇಲಿನ ಸ್ವರಗಳನ್ನು ತುದಿಯಲ್ಲಿ ಹೆಚ್ಚುಕಡಿಮೆ 10 ಡೆಸಿಬೆಲ್‌ವರೆಗೆ ಎತ್ತಿ ಮುದ್ರಿಸಿರುತ್ತಾರೆ. ಸಿಡಿ ಪ್ಲೇಯರ್ ಆ ಏರಿಕೆಯನ್ನು ತಾನೇ ತಗ್ಗಿಸುತ್ತದೆ, ಕಂಪ್ಯೂಟರ್‌ಗೆ ತಂದ ಫೈಲ್‌ನಲ್ಲಿ ಅದು ಹಾಗೇ ಉಳಿಯುತ್ತದೆ. ಕೇಳಿದರೆ ತಂತಿವಾದ್ಯದಂತೆ ನುಡಿಯುವ ಸಿಂಥ್ (ಸಿಂಥಸೈಸರ್) ಮರಳು ಉಜ್ಜಿದಂತೆ ಕೇಳಿಸುತ್ತದೆ. ಗುರುತು ಕೆಲವೊಮ್ಮೆ ಸಿಡಿಯ ವಿಷಯಸೂಚಿಯಲ್ಲಿ ಇರದೆ ಸಬ್‌ಕೋಡ್‌ನಲ್ಲಿ (ಸಂಗೀತದ ಜೊತೆ ಸಾಗುವ ಗುಪ್ತ ಮಾಹಿತಿ) ಮಾತ್ರ ಇರುತ್ತದೆ, ಎರಡೂ ಕಡೆ ಪರೀಕ್ಷಿಸಬೇಕು. ಸಾಕ್ಸ್ ಎಂಬ ಉಚಿತ ಸಾಫ್ಟ್‌ವೇರ್‌ನ ಡಿಎಂಫ್ ಆಜ್ಞೆ ಸರಿಪಡಿಸುತ್ತದೆ. ಮೂಲ ಫೈಲನ್ನೂ ಉಳಿಸಿಕೊಳ್ಳಿ.

ಅಳತೆ: 79 ನಿಮಿಷದ ಡಿಸ್ಕ್ ವೇವ್ (ಕುಗ್ಗಿಸದ ಫೈಲ್) ರೂಪದಲ್ಲಿ ಸುಮಾರು 836 ಎಂಬಿ. ಫ್ಲ್ಯಾಕ್ ಮಾಡಿದಾಗ ಅದರ ಅರ್ಧದ ಆಸುಪಾಸು, ಒಂದೇ ಸ್ವರ ಎಳೆಯುವ ಮೆಲ್ಲನೆಯ ಡ್ರೋನ್ ಡಿಸ್ಕ್‌ಗಳು ಇನ್ನೂ ಕಮ್ಮಿ. ಐವತ್ತು ಸಿಡಿ 20 ಜಿಬಿಯ ಸುತ್ತಮುತ್ತ ಕೂರುತ್ತದೆ.

ಹಂತ 5: ಎರಡು ರೆಕಾರ್ಡಿಂಗ್ ಒಂದೇ ಹೌದೇ?

ಹಳದಿ ಹಚ್ಚಿದ ಜೋಡಿಗಳಿಗೆ ನಲ್ ಟೆಸ್ಟ್. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ಸಾಫ್ಟ್‌ವೇರ್‌ನಲ್ಲಿ ಎರಡೂ ಫೈಲ್ ತೆರೆದು, ಒಂದೇ ಸ್ಯಾಂಪಲ್ (ಡಿಜಿಟಲ್ ಧ್ವನಿಯ ಒಂದು ಬಿಂದು) ಮೇಲೆ ಕೂರುವಂತೆ ಸರಿಸಿ, ಒಂದರ ಅಲೆಯನ್ನು ತಲೆಕೆಳಗೆ (ಇನ್ವರ್ಟ್) ಮಾಡಿ, ಎರಡನ್ನೂ ಬೆರೆಸಬೇಕು. ಒಂದೇ ಆಗಿದ್ದರೆ ಪರಸ್ಪರ ಕಳೆದು ಮೌನ ಉಳಿಯುತ್ತದೆ.

ಹೇಳಿದಷ್ಟು ಸುಲಭವಲ್ಲ, ಯಾಕೆಂದರೆ ಈ ಸಂಗೀತ ಶುರುವಾಗುವುದೇ ನಿಮಿಷಗಟ್ಟಲೆ ಏರುವ ಮಂಜಿನಂಥ ನಾದದಿಂದ. ಮೊದಲ ಐದು ನಿಮಿಷದಲ್ಲಿ ಜೋಡಿಸಲು ಚೂಪಾದ ಗುರುತೇ ಸಿಗದು. ಸೀಕ್ವೆನ್ಸರ್ ಸ್ಪಷ್ಟವಾಗಿ ಹೊಡೆಯುವ ಜಾಗ ಹುಡುಕಿ, ಒಂದು ಸ್ವರದ ಮೊದಲ ಏಟನ್ನು ಗುರುತಾಗಿ ಹಿಡಿದು ಜೋಡಿಸಬೇಕು. ‘ಮೂನ್‌ಡಾನ್’ ಥರದ ಆಲ್ಬಂಗಳಲ್ಲಾದರೆ ಹರಾಲ್ಡ್ ಗ್ರೋಸ್‌ಕಾಫ್‌ನ ಡ್ರಮ್ಸ್ ಏಟು ಚೆನ್ನಾಗಿ ಒದಗುತ್ತದೆ.

ಫಲಿತಾಂಶ ಓದುವುದು ಹೀಗೆ. ಪೂರ್ಣ ಮೌನ ಬಂದರೆ ಅದೇ ಮಾಸ್ಟರ್ (ಮುದ್ರಣದ ಮೂಲಪ್ರತಿ), ಒಂದು ಪ್ರತಿ ಸಾಕು. ಇಡೀ ಉದ್ದಕ್ಕೂ ಒಂದೇ ಮಟ್ಟದಲ್ಲಿ ಸಣ್ಣಗೆ ಸಂಗೀತ ಉಳಿದರೆ ಗೇನ್ (ಶಬ್ದದ ಮಟ್ಟ) ಮಾತ್ರ ಬೇರೆ. ದಶಮಾಂಶ ಡೆಸಿಬೆಲ್‌ನಲ್ಲಿ ಹೊಂದಿಸಿ ಮತ್ತೆ ನೋಡಬೇಕು. ಗುರುತಿನ ಬಳಿ ಮೌನವಿದ್ದು ದೂರ ಹೋದಂತೆ ಶಬ್ದ ಏರಿದರೆ ಟೇಪ್ ವೇಗ ಬೇರೆ, ಅಂದರೆ ಟೇಪಿನಿಂದ ಹೊಸದಾಗಿ ವರ್ಗಾಯಿಸಿದ್ದು. ಇಂಥವೆರಡನ್ನೂ ಇಟ್ಟುಕೊಳ್ಳಬೇಕು. ನಡುವೆ ಒಂದೆಡೆ ದಿಢೀರನೆ ಕೆಟ್ಟರೆ ಅಲ್ಲಿ ಕತ್ತರಿ ಬಿದ್ದಿದೆ. ಆ ನಿಮಿಷ-ಸೆಕೆಂಡನ್ನು ಪಟ್ಟಿಯಲ್ಲಿ ಬರೆದಿಡಬೇಕು. ವಿಮರ್ಶೆಗೆ ಇದಕ್ಕಿಂತ ಗಟ್ಟಿ ಆಧಾರ ಬೇರೆ ಸಿಗದು.

ಹಂತ 6: ‘ಟೈಮ್‌ವಿಂಡ್’ ಎಲ್‌ಪಿ

1975ರ ಆಲ್ಬಂ. ಒಂದು ಬದಿಗೆ ‘ಬೈರಾಯ್ಟ್ ರಿಟರ್ನ್’ 30 ನಿಮಿಷ 32 ಸೆಕೆಂಡು, ಇನ್ನೊಂದಕ್ಕೆ ‘ವಾನ್‌ಫ್ರೀಡ್ 1883’ 28 ನಿಮಿಷ 38 ಸೆಕೆಂಡು. ಎರಡೂ ಹೆಸರು ಜರ್ಮನಿಯ ಒಪೆರಾ ಸಂಗೀತಕಾರ ರಿಷಾರ್ಡ್ ವಾಗ್ನರ್‌ಗೆ ಸಂಬಂಧಿಸಿದವು: ಬೈರಾಯ್ಟ್ ಅವನ ಉತ್ಸವದ ಊರು, ವಾನ್‌ಫ್ರೀಡ್ ಅಲ್ಲಿನ ಅವನ ಮನೆ, 1883 ಅವನು ತೀರಿಕೊಂಡ ವರ್ಷ.

ಅರ್ಧ ಗಂಟೆಯನ್ನು ಒಂದು ಬದಿಗೆ ತುರುಕಬೇಕಾದರೆ ಗೆರೆಗಳನ್ನು ಹತ್ತಿರ ಹತ್ತಿರ ಕೊರೆಯಬೇಕು, ಶಬ್ದದ ಮಟ್ಟ ಇಳಿಸಬೇಕು. ಹಾಗಾಗಿ ಧೂಳಿನ ಚಟಪಟ, 20 ನಿಮಿಷದ ಬದಿಯಲ್ಲಿರುವುದಕ್ಕಿಂತ ಎದ್ದು ಕೇಳುತ್ತದೆ. ಮೇಲಾಗಿ ಒಳಗಿನ ಗೆರೆಗಳ ತೊಂದರೆ: 33⅓ ವೇಗದಲ್ಲಿ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆ.ಮೀ. ಗೆರೆ ಹರಿದರೆ, ಒಳಗೆ 6 ಸೆ.ಮೀ. ತ್ರಿಜ್ಯದಲ್ಲಿ 21 ಸೆ.ಮೀ. ಮಾತ್ರ. ‘ಬೈರಾಯ್ಟ್ ರಿಟರ್ನ್’ ಮುಗಿಯುವ ಹೊತ್ತಿಗೆ ಸೀಕ್ವೆನ್ಸರ್ ಅತ್ಯಂತ ದಟ್ಟವಾಗಿರುವಾಗಲೇ ಮುಳ್ಳು ಆ ಇಕ್ಕಟ್ಟಿನಲ್ಲಿರುತ್ತದೆ.

ಸಾಮಾನು: ಎಲಿಪ್ಟಿಕಲ್ (ಅಂಡಾಕಾರದ) ಮುಳ್ಳಿನ ಕಾರ್ಟ್ರಿಜ್ (ಆಡಿಯೊ-ಟೆಕ್ನಿಕಾ ವಿಎಂ95ಇ, ಮುಳ್ಳಿನ ಭಾರ 2 ಗ್ರಾಂ), ಭಾರ ಅಳೆಯುವ ಡಿಜಿಟಲ್ ತಕ್ಕಡಿ (ಸುಮಾರು 700 ರೂ.), ಮುಳ್ಳಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೊ ಪ್ರಿಆಂಪ್ (ಸುಮಾರು 3,500), ಅದನ್ನು ಕಂಪ್ಯೂಟರ್‌ಗೆ ಸೇರಿಸುವ 24 ಬಿಟ್ ಯುಎಸ್‌ಬಿ ಇಂಟರ್ಫೇಸ್ (ಸುಮಾರು 8,000). ಟರ್ನ್‌ಟೇಬಲ್‌ನ ತೂಕದ ಚಕ್ರದ ಮೇಲಿನ ಅಂಕಿ ನಂಬಬಾರದು, ತಕ್ಕಡಿಯನ್ನೇ ನಂಬಬೇಕು. ಭಾರ ಕಮ್ಮಿ ಇಟ್ಟರೆ ತಟ್ಟೆ ಸವೆಯದು ಎಂಬ ಮಾತು ತಪ್ಪು. ಮುಳ್ಳು ಗೆರೆಯಲ್ಲಿ ಕುಪ್ಪಳಿಸಿ ಇನ್ನೂ ಹೆಚ್ಚು ಹಾಳು ಮಾಡುತ್ತದೆ.

ರೆಕಾರ್ಡಿಂಗ್ 24 ಬಿಟ್, 96 ಕಿಲೊಹರ್ಟ್ಸ್, ಅತಿ ಜೋರಾದ ಜಾಗ -6 ಡೆಸಿಬೆಲ್ ಮೀರದಂತೆ. ಮಟ್ಟ ಹೊಂದಿಸಲು ಬದಿಯ ಆರಂಭ ನುಡಿಸಿದರೆ ಮೋಸ, ಅಲ್ಲಿ ಬರೀ ಗಾಳಿ. ಕೊನೆಯ ಕಾಲುಭಾಗ ನುಡಿಸಿ ಹೊಂದಿಸಬೇಕು. ಎರಡೂ ಬದಿ ಸೇರಿ 59 ನಿಮಿಷ 10 ಸೆಕೆಂಡಿಗೆ ವೇವ್ ಫೈಲ್ 2 ಜಿಬಿ ದಾಟುತ್ತದೆ, ಆದ್ದರಿಂದ ಬದಿಗೊಂದು ಫೈಲ್ ಮಾಡುವುದು ಕ್ಷೇಮ.

ಈಗ ಅತಿ ಮುಖ್ಯವಾದ ಎಚ್ಚರಿಕೆ. ಆಟೊಮ್ಯಾಟಿಕ್ ಕ್ಲಿಕ್ ತೆಗೆಯುವ ಸಾಧನವನ್ನು ಇಡೀ ಬದಿಗೆ ಓಡಿಸಬಾರದು. ಸೀಕ್ವೆನ್ಸರ್ ಸ್ವರದ ಮೊದಲ ಏಟು ಚೂಪಾಗಿರುತ್ತದೆ, ಸಾಫ್ಟ್‌ವೇರ್‌ಗೆ ಅದು ಕ್ಲಿಕ್‌ನಂತೆಯೇ ಕಾಣುತ್ತದೆ. ಸೆನ್ಸಿಟಿವಿಟಿ ನಡುಮಟ್ಟದಲ್ಲಿದ್ದರೂ ಏಟುಗಳ ಮೂತಿ ಸವೆದು, ಎಲ್ಲ ಸ್ವರ ಹತ್ತಿ ಸುತ್ತಿದಂತಾಗುತ್ತದೆ. ಒಂದು ನಿಮಿಷ ಕೇಳಿದರೆ ಗೊತ್ತಾಗದು, ಹತ್ತು ನಿಮಿಷ ಕೇಳಿದರೆ ಓಟವೇ ಸತ್ತಿರುತ್ತದೆ. ‘ಟೈಮ್‌ವಿಂಡ್’ ಶುಲ್ತ್ಸೆ ಸೀಕ್ವೆನ್ಸರ್ ಬಳಸಿದ ಮೊದಲ ಸೋಲೊ ಆಲ್ಬಂ. ಆ ಓಟವೇ ಹೋದರೆ ಉಳಿಯುವುದೇನು? ದೊಡ್ಡ ಕ್ಲಿಕ್‌ಗಳನ್ನು ಮಾತ್ರ ಅಲೆಯಲ್ಲಿ ಕಣ್ಣಿಂದ ಗುರುತಿಸಿ, 2 ಮಿಲಿಸೆಕೆಂಡಿಗಿಂತ ಕಮ್ಮಿ ಜಾಗ ಆಯ್ದು ಒಂದೊಂದಾಗಿ ಸರಿಪಡಿಸಬೇಕು. ನಾಯ್ಸ್ ರಿಡಕ್ಷನ್ ಮುಟ್ಟಲೇಬಾರದು. ಗಾಳಿಯ ಸದ್ದು ಈ ಆಲ್ಬಂನ ವಾದ್ಯಗಳಲ್ಲೊಂದು, ಸಾಫ್ಟ್‌ವೇರ್ ಅದನ್ನು ಟೇಪಿನ ಹಿಸ್ (‘ಸ್ಸ್’ ಎನ್ನುವ ಸದ್ದು) ಎಂದೇ ಅಳಿಸುತ್ತದೆ.

ಮೌನ ನೋಡಿ ಟ್ರ್ಯಾಕ್ ಕತ್ತರಿಸುವ ಸೌಲಭ್ಯವೂ ಇಲ್ಲಿ ಕೆಲಸಕ್ಕೆ ಬಾರದು, ಮೆಲ್ಲನೆಯ ಆರಂಭವನ್ನೇ ಅದು ಕತ್ತರಿಸಿ ಎಸೆಯುತ್ತದೆ.

ಹಂತ 7: ಹೆಸರು, ಬ್ಯಾಕಪ್

ಫೋಲ್ಡರ್ ಹೆಸರು ರೆಕಾರ್ಡ್ ಆದ ವರ್ಷದಿಂದ ಶುರುವಾಗಬೇಕು, ಬಿಡುಗಡೆಯ ವರ್ಷದಿಂದಲ್ಲ. ಸಂಪುಟ ಸಂಖ್ಯೆ 01, 02 ಎಂದು ಎರಡಂಕಿಯಲ್ಲಿ, ಇಲ್ಲದಿದ್ದರೆ 1ರ ಪಕ್ಕ 10 ಬಂದು ಕೂರುತ್ತದೆ. ರಿಪ್ಲೇಗೇನ್ (ಕೇಳುವಾಗ ಶಬ್ದದ ಮಟ್ಟ ಹೊಂದಿಸುವ ಗುರುತು) ಆಲ್ಬಂ ಲೆಕ್ಕದಲ್ಲಿ ಹಾಕಬೇಕು. ಟ್ರ್ಯಾಕ್ ಲೆಕ್ಕದಲ್ಲಿ ಹಾಕಿದರೆ ಒಂದೇ ಕಛೇರಿಯ ತುಂಡುಗಳ ನಡುವೆ ಶಬ್ದ ಏರಿಳಿಯುತ್ತದೆ. ಎರಡು 2 ಟಿಬಿ ಡಿಸ್ಕ್ (ಒಟ್ಟು ಸುಮಾರು 13,000 ರೂ.), ಒಂದು ಬೇರೆ ಮನೆಯಲ್ಲಿ. ಫ್ಲ್ಯಾಕ್ ತನ್ನೊಳಗೇ ಎಂಡಿ5 ಮೊತ್ತ (ಫೈಲ್ ಕೆಟ್ಟಿದೆಯೇ ಎಂದು ತಾಳೆ ನೋಡುವ ಅಂಕಿ) ಇಟ್ಟುಕೊಂಡಿರುವುದರಿಂದ ವರ್ಷಕ್ಕೊಮ್ಮೆ ಟೆಸ್ಟ್ ಆಜ್ಞೆ ಓಡಿಸಿದರೆ ಕೆಟ್ಟ ಫೈಲ್ ಸಿಕ್ಕಿಬೀಳುತ್ತದೆ.

ಕರಾವಳಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಕಾರ್ಡ್‌ಬೋರ್ಡ್ ಹೊದಿಕೆಗೆ ಬೂಷ್ಟು ಹಿಡಿಯುವುದು ಖಂಡಿತ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಅಗ್ಗದ ತೇವಾಂಶ ಮೀಟರ್, 50 ಶೇಕಡಾ ಮೀರದಂತೆ. ಪಿವಿಸಿ ಕವರ್ ಬೇಡ, ಪಾಲಿಪ್ರೊಪಿಲೀನ್ ತರಬೇಕು.

ಹಂತ 8: ಕೇಳಿ ಬರೆದದ್ದು

ಟಿಪ್ಪಣಿಗೆ ನಾಲ್ಕು ವಿಷಯ ಕಡ್ಡಾಯ: ಮೂಲ ಟೇಪಿನ ಗುಣ, ಕತ್ತರಿ ಇರುವ ಜಾಗ, ಸಂಗೀತ ತಿರುವು ಪಡೆಯುವ ನಿಮಿಷ, ಬೋನಸ್ ಇಡಲು ಯೋಗ್ಯವೇ. ಕೆಲವು ಇಲ್ಲಿವೆ.

‘ಇರ್‌ಲಿಷ್ಟ್’ (1972): ಸಿಂಥಸೈಸರ್ ಇಲ್ಲದ ಎಲೆಕ್ಟ್ರಾನಿಕ್ ಆಲ್ಬಂ. ಆರ್ಗನ್ ಮತ್ತು ರೂಪ ಬದಲಿಸಿದ ವಾದ್ಯವೃಂದದ ಟೇಪಿನಿಂದ ಕಟ್ಟಿದ್ದು. ಇಲ್ಲಿನ ಒರಟು ಸದ್ದು ಮುದ್ರಣದ ದೋಷವಲ್ಲ, ಸರಿಪಡಿಸಲು ಹೋಗಬೇಡಿ. ಹೆಡ್‌ಫೋನ್‌ಗಿಂತ ಸ್ಪೀಕರ್‌ನಲ್ಲಿ ಚೆನ್ನ.

‘ಸೈಬೋರ್ಗ್’ (1973): ನಾಲ್ಕು ಬದಿ, ನಾಲ್ಕು ತುಣುಕು. ಒಟ್ಟಿಗೆ ಕೇಳಿದರೆ ಒಂದೇ ಬಣ್ಣ ಎನಿಸುತ್ತದೆ. ದಿನಕ್ಕೊಂದು ಬದಿ ಕೇಳಿದರೆ ‘ನ್ಯೂರೋನನ್‌ಗೆಜಾಂಗ್’ ಎಷ್ಟು ಭಿನ್ನ ಎಂದು ತಿಳಿಯುತ್ತದೆ. ಮರುಮುದ್ರಣದಲ್ಲಿರುವ ಬೋನಸ್ ‘ಬಟ್ ಬ್ಯೂಟಿಫುಲ್’ 1977ರಲ್ಲಿ ಬ್ರಸೆಲ್ಸ್‌ನಲ್ಲಿ ನುಡಿಸಿದ್ದು, ಐವತ್ತು ನಿಮಿಷ. ಆಲ್ಬಂಗೂ ಇದಕ್ಕೂ ನಾಲ್ಕು ವರ್ಷದ ಅಂತರ, ಸದ್ದೇ ಬೇರೆ. ಆದ್ದರಿಂದ ಇದನ್ನು ತೆಗೆದು 1977ರ ಫೋಲ್ಡರ್‌ಗೆ ಹಾಕಿದೆ.

‘ಮೂನ್‌ಡಾನ್’ (1976): ಪೊಪೊಲ್ ವು ತಂಡದ ಫ್ಲೋರಿಯಾನ್ ಫ್ರಿಕೆಯಿಂದ ಕೊಂಡ ದೊಡ್ಡ ಮೂಗ್ ಸಿಂಥಸೈಸರ್ ಇಲ್ಲಿ ಬಂತು. ತಳದ ಸ್ವರಗಳ ತೂಕ ‘ಟೈಮ್‌ವಿಂಡ್’ ಪಕ್ಕದಲ್ಲಿಟ್ಟು ಕೇಳಿದರೆ ತಕ್ಷಣ ಗೊತ್ತಾಗುತ್ತದೆ. ಹೊಸದಾಗಿ ಕೇಳುವವರಿಗೆ ಮೊದಲು ಕೊಡಬೇಕಾದದ್ದು ಇದೇ.

‘ಎಕ್ಸ್’ (1978): ಇಡೀ ಸಂಗ್ರಹದಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾದರೆ ಇದು. 26 ನಿಮಿಷದ ‘ಟ್ರಾಕ್ಲ್’ ಕೇಳಿದ ಮೇಲೆ ಎಲ್‌ಪಿಯ ಐದು ನಿಮಿಷ ಬರೀ ಬಾಗಿಲು ಎನಿಸುತ್ತದೆ. ಆದರೂ ಆ ಕಿರು ರೂಪವನ್ನು ಅಳಿಸಬಾರದು, 1978ರಲ್ಲಿ ಜನ ಕೇಳಿದ ಆಲ್ಬಂ ಅದೇ.

‘ಡಿಗ್ ಇಟ್’ (1980): ಡಿಜಿಟಲ್ ಸಿಂಥ್‌ಗೆ ತಿರುಗಿದ ಆಲ್ಬಂ, ಮೊದಲ ತುಣುಕಿನ ಹೆಸರೇ ‘ಡೆತ್ ಆಫ್ ಆ್ಯನ್ ಅನಲಾಗ್’. ಹಿಸ್ ಇಲ್ಲ, ಜೊತೆಗೆ ಹಿಂದಿನ ಆಲ್ಬಂಗಳ ಬಿಸುಪೂ ಕಮ್ಮಿ. ಮರುಮುದ್ರಣದ ಜೊತೆ ಬಂದ ಡಿವಿಡಿಯಲ್ಲಿ ಅದೇ ವರ್ಷ ಆಸ್ಟ್ರಿಯಾದ ಲಿಂಟ್ಸ್‌ನ ಆರ್ಸ್ ಎಲೆಕ್ಟ್ರೋನಿಕಾ ಉತ್ಸವದಲ್ಲಿ ನಡೆದ ಕಛೇರಿ ಇದೆ. ಡಿವಿಡಿಯ ಆಡಿಯೊ 48 ಕಿಲೊಹರ್ಟ್ಸ್. ಉಳಿದ ಫೈಲ್‌ಗಳಿಗೆ ಹೊಂದಲಿ ಎಂದು 44.1ಕ್ಕೆ ಇಳಿಸದೆ ಹಾಗೇ ತೆಗೆದು, 1980ರ ಫೋಲ್ಡರ್‌ನಲ್ಲಿ ಪ್ರತ್ಯೇಕವಾಗಿ ಇಟ್ಟಿದೆ.